ಕೊಟ್ಟು ಗೆಲ್ಲುವ ನಡೆ

ಚದುರಂಗ ಕಲಿಯುವ ಹುಡುಗನಿಗೆ ಮೊದಲು ಹೇಳಿಕೊಡುವ ಪಾಠ, ಕಾಯಿ ಕಳೆದುಕೊಳ್ಳಬೇಡ ಎಂಬುದು. ಆಟ ತುಸು ಕೈಗೆ ಹತ್ತಿದ ಮೇಲೆ ಅದೇ ಗುರು, ಆಟ ಶುರುವಾದ ಎರಡನೆಯ ನಡೆಯಲ್ಲೇ ಒಂದು ಕಾಲಾಳನ್ನು ಎದುರಾಳಿಗೆ ಬಿಟ್ಟುಕೊಡು ಎನ್ನುತ್ತಾನೆ. ಹುಡುಗ ಗಲಿಬಿಲಿಗೊಳ್ಳುವುದು ಸಹಜ. ಹೀಗೆ ಆರಂಭದಲ್ಲೇ ಕಾಯಿಯೊಂದನ್ನು ಒಡ್ಡಿ, ಅದಕ್ಕೆ ಬದಲಾಗಿ ಸಮಯವನ್ನೂ ಜಾಗವನ್ನೂ ಪಡೆಯುವ ತಂತ್ರಕ್ಕೆ ಗ್ಯಾಂಬಿಟ್ ಎಂದು ಹೆಸರು. ಇಟಲಿಯ ಭಾಷೆಯಲ್ಲಿ ‘ಗಾಂಬಾ’ ಎಂದರೆ ಕಾಲು. ಕುಸ್ತಿಯಲ್ಲಿ ಅಡ್ಡಗಾಲು ಹಾಕಿ ಕೆಡವುವುದಕ್ಕೆ ಅಲ್ಲಿ ಹೇಳುತ್ತಿದ್ದ ಮಾತನ್ನು ಸ್ಪೇನಿನ ಪಾದ್ರಿ ರುಯ್ ಲೋಪೆಸ್ 1561ರ ತನ್ನ ಪುಸ್ತಕದಲ್ಲಿ ಚದುರಂಗಕ್ಕೆ ಬಳಸಿದ. ಗರಡಿಮನೆಗಳ ನಾಡಾದ ಗದಗ ಸೀಮೆಯವರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಚದುರಂಗದ ತವರು ಎನ್ನಿಸಿಕೊಂಡ ನಮ್ಮ ದೇಶದ ಹಳೆಯ ಆಟದಲ್ಲಿ ಇಂಥ ಗ್ಯಾಂಬಿಟ್‌ಗಳಿಗೆ ಹೆಚ್ಚಿನ ಎಡೆ ಇರಲಿಲ್ಲ. ನಮ್ಮವರಿಗೆ ಧೈರ್ಯ ಸಾಲದೆ ಹೀಗಾಯಿತೆಂದು ತಿಳಿಯಬೇಕಾಗಿಲ್ಲ. ಕಾರಣವಿದ್ದುದು ಕಾಲಾಳಿನ ನಡಿಗೆಯಲ್ಲಿ.

ಇಂದಿನ ಆಟದಲ್ಲಿ ಪ್ರತಿ ಕಾಲಾಳೂ ತನ್ನ ಮೊದಲ ನಡೆಯಲ್ಲಿ ಎರಡು ಮನೆ ಜಿಗಿಯಬಹುದು. ರಾಜನ ಗ್ಯಾಂಬಿಟ್ ಎಂಬುದನ್ನೇ ನೋಡಿ. ಬಿಳಿಯವನು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸುತ್ತಾನೆ, ಕರಿಯವನೂ ಹಾಗೆಯೇ ಮಾಡುತ್ತಾನೆ. ಕೂಡಲೇ ಬಿಳಿಯವನು ರಾಜನ ಮಗ್ಗುಲಿನ ಒಂಟೆಯ ಮುಂದಿನ ಕಾಲಾಳನ್ನೂ ಎರಡು ಮನೆ ಮುಂದೊಡ್ಡಿ ‘ತಗೋ’ ಎನ್ನುತ್ತಾನೆ. ಎರಡೇ ನಡೆಗಳಲ್ಲಿ ಕಾದಾಟ ಹತ್ತಿಕೊಳ್ಳುತ್ತದೆ. ಭಾರತದ ಪದ್ಧತಿಯಲ್ಲಿ ಕಾಲಾಳು ಇಡುತ್ತಿದ್ದುದು ಒಂದೊಂದೇ ಹೆಜ್ಜೆ. ಅದೇ ಎರಡು ಕಾಲಾಳುಗಳನ್ನು ಅದೇ ಮನೆಗಳಿಗೆ ತರಲು ನಾಲ್ಕು ನಡೆ ಬೇಕು. ಅಷ್ಟರಲ್ಲಿ ಎದುರಾಳಿ ಎಲ್ಲವನ್ನೂ ಕಂಡು ಸಜ್ಜಾಗಿರುತ್ತಾನೆ. ಕೆಲವು ಕಡೆಗಳಲ್ಲಂತೂ ಶುರುವಿನ ಹಲವಾರು ನಡೆಗಳನ್ನು ಒಂದೇ ಸಲಕ್ಕೆ ಇಟ್ಟುಬಿಟ್ಟು, ಆಮೇಲೆ ಆಟ ಹೂಡುವ ರೂಢಿಯಿತ್ತು. ಆರಂಭವೆಂಬುದು ಪಾಯ ತೋಡುವ ಕೆಲಸ, ಜಾಣ್ಮೆಯೆಲ್ಲ ನಡು ಆಟಕ್ಕೂ ಕೊನೆಯ ಆಟಕ್ಕೂ ಮೀಸಲು.

ಈ ಆಟದ ಬೇರು ಕನ್ನಡ ನಾಡಿನಲ್ಲಿ ಎಷ್ಟು ಆಳವಾಗಿದೆ ಎಂಬುದಕ್ಕೆ ಸಾಕ್ಷಿ ದೂರದಲ್ಲಿಲ್ಲ. ಲಕ್ಕುಂಡಿಯ ಗುಡಿಗಳ ಕಾಲದಲ್ಲಿ, ಇಂದಿನ ಲಕ್ಷ್ಮೇಶ್ವರವಾದ ಪುಲಿಗೆರೆಯೂ ಸೇರಿ ಈ ಸೀಮೆಯೆಲ್ಲ ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿತ್ತು. ಆ ವಂಶದ ಭೂಲೋಕಮಲ್ಲ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಭಾಗದಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದ. ರಾಜ್ಯಭಾರದಿಂದ ಅಡುಗೆಯವರೆಗೆ ನೂರು ವಿಷಯಗಳನ್ನು ಹೇಳುವ ಈ ಗ್ರಂಥದ ಕೊನೆಯ ಭಾಗದಲ್ಲಿ, ಅರಸನ ವಿನೋದಗಳ ಸಾಲಿನಲ್ಲಿ, ಚದುರಂಗಕ್ಕೂ ಜಾಗ ಸಿಕ್ಕಿದೆ. ಮುಂದೆ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು, ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ಓಡಾಡಿಸುವ ಬಂಧಗಳಲ್ಲಿ ಮುಳುಗಿದ್ದರು. 1831ರಲ್ಲಿ ಬ್ರಿಟಿಷರಿಗೆ ಆಡಳಿತವನ್ನು ಒಪ್ಪಿಸಬೇಕಾಗಿ ಬಂದ ದೊರೆಗೆ ಸೋಲಿಲ್ಲದ ರಾಜ್ಯವೊಂದು ಮಣೆಯ ಮೇಲೆ ಸಿಕ್ಕಿತ್ತೆಂದು ಯಾರಾದರೂ ಹೇಳಿದರೆ ತಳ್ಳಿಹಾಕುವಂತಿಲ್ಲ.

ಎರಡು ಪದ್ಧತಿಗಳು ಮುಖಾಮುಖಿಯಾದದ್ದು ಬ್ರಿಟಿಷರ ಕಾಲದಲ್ಲಿ. 1814ರಲ್ಲಿ ಮುಂಬಯಿಯಿಂದ ಒಂದು ಪುಸ್ತಕ ಹೊರಬಂತು. ತಿರುವೆಂಗಡಾಚಾರ್ಯ ಶಾಸ್ತ್ರಿಗಳ ಸಂಸ್ಕೃತ ಕೃತಿಯನ್ನು ಯುರೋಪಿನ ಆಟಕ್ಕೆ ಹೊಂದಿಸಿ ಇಂಗ್ಲಿಷಿಗೆ ತಂದದ್ದು ಅದು. ಕಲಿಯುವವರಿಗೆ ಉಪಯೋಗವಾಗಲೆಂದೇ ಬರೆದದ್ದು. ಅದರಲ್ಲಿ ಮುಖ್ಯವಾಗಿ ಇರುವುದು ಆಟದ ಆರಂಭವಲ್ಲ, ಬಿಕ್ಕಟ್ಟಿನ ಸ್ಥಿತಿಗಳು. ಇಂಥ ಸ್ಥಿತಿಯಿಂದ ರಾಜನನ್ನು ಹೇಗೆ ಕಟ್ಟಿಹಾಕುವೆ ಎಂಬ ಬಗೆಯ ಸಮಸ್ಯೆಗಳು. ನಮ್ಮವರ ಕಲಿಕೆ ಆಟದ ಬಾಲದಿಂದ ಶುರುವಾಗುತ್ತಿತ್ತು, ಯುರೋಪಿನದು ತಲೆಯಿಂದ.

1848ರಲ್ಲಿ ಕಲ್ಕತ್ತೆಯಲ್ಲಿ ಇನ್ನೂ ಸ್ವಾರಸ್ಯದ ಸಂಗತಿ ನಡೆಯಿತು. ಅಲ್ಲಿ ವಕೀಲಿಕೆ ಮಾಡುತ್ತಿದ್ದ ಸ್ಕಾಟ್ಲೆಂಡಿನ ಜಾನ್ ಕಾಕ್ರೇನ್ ಪ್ರಬಲ ಆಟಗಾರ. ತನ್ನ ಪ್ರಾಂತದಲ್ಲಿ ಸೋಲನ್ನೇ ಕಾಣದ ಬಂಗಾಳಿ ಬ್ರಾಹ್ಮಣ ಮಹೇಶ್‌ಚಂದ್ರ ಬ್ಯಾನರ್ಜಿಯ ಗೆಳೆತನ ಆತನಿಗೆ ಬೆಳೆಯಿತು. ಒಂದು ಆಟದಲ್ಲಿ ಕಾಕ್ರೇನ್ ನಾಲ್ಕನೆಯ ನಡೆಗೇ ತನ್ನ ಕುದುರೆಯನ್ನು ಬಲಿಕೊಟ್ಟು, ಎರಡು ಕಾಲಾಳುಗಳನ್ನಷ್ಟೇ ಪಡೆದು, ಎದುರಾಳಿಯ ರಾಜನನ್ನು ಬಯಲಿಗೆಳೆದ. ಇಂದಿಗೂ ಅದು ಕಾಕ್ರೇನ್ ಗ್ಯಾಂಬಿಟ್. ಬ್ಯಾನರ್ಜಿ ಮಾತ್ರ ಎಷ್ಟೋ ಸಲ ತನಗೆ ರೂಢಿಯಾದಂತೆ ಕಾಲಾಳುಗಳನ್ನು ಒಂದೊಂದೇ ಹೆಜ್ಜೆ ಇಟ್ಟು, ಒಂಟೆಯನ್ನು ಬದಿಯಲ್ಲಿ ಕೂಡಿಸಿ, ಎದುರಾಳಿ ನಡುಮಣೆಗೆ ನುಗ್ಗಲೆಂದು ಕಾಯುತ್ತಿದ್ದ. ಆಗ ಹಳ್ಳಿಗಾಡಿನ ಆಟದಂತೆ ಕಂಡದ್ದನ್ನು 20ನೆಯ ಶತಮಾನದ ದೊಡ್ಡ ಆಟಗಾರರು ಕೈಗೆತ್ತಿಕೊಂಡರು. ಇಂದು ಪುಸ್ತಕಗಳಲ್ಲಿರುವ ‘ಇಂಡಿಯನ್ ಡಿಫೆನ್ಸ್’ ಎಂಬ ಹೆಸರು ಅವನ ಆಟಗಳ ನೆನಪು. ಗ್ಯಾಂಬಿಟ್ ಅವರದು, ತಾಳ್ಮೆ ನಮ್ಮದು ಎಂದರೆ ಮಾತು ಕೊಂಚ ಹೆಚ್ಚಾದೀತು, ಆದರೆ ಹೆಸರುಗಳು ಹಾಗೆಯೇ ಉಳಿದಿವೆ.

ಪದ್ಧತಿ ಬದಲಿಸಿಕೊಳ್ಳುವುದು ಸುಲಭವಾಗಿರಲಿಲ್ಲ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಭಾರತೀಯ ರೀತಿಯಲ್ಲಿ ಪಳಗಿ, ಯುರೋಪಿನ ನಿಯಮಗಳನ್ನು ತಡವಾಗಿ ಕಲಿತು, 1929ರಲ್ಲಿ ಇಂಗ್ಲೆಂಡಿಗೆ ಹೋದವನು. ಆರಂಭದ ನಡೆಗಳ ಪುಸ್ತಕಜ್ಞಾನ ಅವನಿಗೆ ಇಲ್ಲವೆನ್ನುವಷ್ಟು ಕಡಿಮೆ. ಹೀಗಿದ್ದೂ 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದ. ಹೇಸ್ಟಿಂಗ್ಸ್‌ನಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾನನ್ನೇ ಸೋಲಿಸಿದ. 1966ರಲ್ಲಿ ತೀರಿಕೊಂಡ ಅವನಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಸಿಕ್ಕಿದ್ದು 2024ರಲ್ಲಿ.

ನಮ್ಮ ಭಾಗಕ್ಕೆ ಹತ್ತಿರದ ಚದುರಂಗದ ಊರು ಎಂದರೆ ಸಾಂಗಲಿ. ಸ್ವಾತಂತ್ರ್ಯಪೂರ್ವದಲ್ಲಿ ಶಿರಹಟ್ಟಿ ಇದ್ದದ್ದು ಸಾಂಗಲಿ ಸಂಸ್ಥಾನದಲ್ಲೇ. ಮರಾಠಿಯಲ್ಲಿ ಈ ಆಟಕ್ಕೆ ‘ಬುದ್ಧಿಬಳ’ ಎನ್ನುತ್ತಾರೆ. ಭಾವುಸಾಹೇಬ ಪಡಸಲಗೀಕರರು ಕಟ್ಟಿ ಬೆಳೆಸಿದ ಅಲ್ಲಿನ ನೂತನ ಬುದ್ಧಿಬಳ ಮಂಡಳ ಹುಡುಗ ಹುಡುಗಿಯರನ್ನು ತಿದ್ದಿತು. ಮಹಿಳೆಯರ ರಾಷ್ಟ್ರೀಯ ಪ್ರಶಸ್ತಿಯನ್ನು ಐದು ಸಲ ಗೆದ್ದ ಭಾಗ್ಯಶ್ರೀ ಸಾಠೆ-ಠಿಪ್ಸೆ ಆ ಊರಿನವರು.

ಹಾಗಾದರೆ ಗದಗ-ಬೆಟಗೇರಿಯಲ್ಲೋ ಮುಂಡರಗಿಯಲ್ಲೋ ಇಂದು ಮಣೆ ಹಾಸಿ ಕೂಡುವ ಹೊಸಬನಿಗೆ ಗ್ಯಾಂಬಿಟ್ ತೀರ ಪರಕೀಯವೇ? ಹುಲಿ-ಕುರಿ ಆಟ ಆಡಿದವನಿಗೆ ಅಲ್ಲ. ಒಂದು ಕುರಿಯನ್ನು ಹುಲಿಯ ಬಾಯಿಗಿಟ್ಟು, ಅದು ಜಿಗಿದು ಮೂಲೆ ಸೇರಿದ ಮೇಲೆ ದಾರಿ ಕಟ್ಟುವ ಉಪಾಯ ಕಟ್ಟೆಯ ಮೇಲೆ ಆಡುವ ಮಕ್ಕಳಿಗೂ ಗೊತ್ತು.

ಕಲಿಯಲು ತೊಡಗುವವರು ಮಂತ್ರಿಯ ಗ್ಯಾಂಬಿಟ್‌ನಿಂದ ಹೊರಡುವುದು ಲೇಸು. ಎರಡೂ ಕಡೆಯ ಮಂತ್ರಿಗಳ ಮುಂದಿನ ಕಾಲಾಳುಗಳು ಎರಡೆರಡು ಮನೆ ಬಂದು ಎದುರುಬದುರು ನಿಂತಾಗ, ಬಿಳಿಯವನು ಪಕ್ಕದ ಒಂಟೆಯ ಮುಂದಿನ ಕಾಲಾಳನ್ನು ಎರಡು ಮನೆ ತಂದು ಒಡ್ಡುತ್ತಾನೆ. ಕರಿಯವನು ಅದನ್ನು ಹೊಡೆದನೆನ್ನಿ. ಬಿಳಿಯವನು ರಾಜನ ಕಾಲಾಳನ್ನು ಒಂದು ಮನೆ ಸರಿಸುತ್ತಾನೆ. ಸಿಕ್ಕಿದ್ದನ್ನು ಬಿಡಲೊಲ್ಲದ ಕರಿಯವನು ಕುದುರೆಯ ಮುಂದಿನ ಕಾಲಾಳನ್ನು ಎರಡು ಮನೆ ತಂದು ಆಸರೆ ಕೊಡುತ್ತಾನೆ. ಬಿಳಿಯವನು ಅಂಚಿನ ಕಾಲಾಳಿನಿಂದ ಆ ಆಸರೆಗೇ ಕೈ ಹಾಕುತ್ತಾನೆ. ಕರಿಯವನು ಒಂಟೆಯ ಮುಂದಿನ ಕಾಲಾಳನ್ನು ಒಂದು ಮನೆ ತಂದು ಬೆಂಬಲಿಸುತ್ತಾನೆ. ಬಿಳಿಯವನು ಹೊಡೆಯುತ್ತಾನೆ, ಕರಿಯವನು ತಿರುಗಿ ಹೊಡೆಯುತ್ತಾನೆ. ಈಗ ಬಿಳಿಯ ಮಂತ್ರಿ ಓರೆಯಾಗಿ ಎರಡು ಮನೆ ಜಾರಿ ರಾಜನ ಕಡೆಯ ಒಂಟೆಯ ಸಾಲಿಗೆ ಬಂದರೆ, ಮಣೆಯ ಉದ್ದಕ್ಕೂ ತೆರೆದ ಓರೆದಾರಿಯ ತುದಿಯಲ್ಲಿ ಮೂಲೆಯ ಆನೆ ಸಿಕ್ಕಿಬಿದ್ದಿರುತ್ತದೆ. ಅದನ್ನು ಉಳಿಸಬೇಕೆಂದರೆ ಕುದುರೆಯನ್ನೋ ಒಂಟೆಯನ್ನೋ ಕಳೆದುಕೊಳ್ಳಲೇಬೇಕು. ಒಂದು ಕಾಲಾಳಿನ ಆಸೆಗೆ ತೆತ್ತ ಬೆಲೆ ಇಷ್ಟು. ಈ ನಡೆಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಒಮ್ಮೆ ಬಿಳಿ, ಒಮ್ಮೆ ಕರಿ ಕಾಯಿಗಳ ಕಡೆ ಕೂತು, ಕಾಲಾಳನ್ನು ಎಲ್ಲಿ ಮರಳಿಸಿದ್ದರೆ ಕರಿಯವನು ಬದುಕುತ್ತಿದ್ದ ಎಂದು ಹುಡುಕುವುದು ಹೆಚ್ಚು ಫಲ ಕೊಡುತ್ತದೆ.

ರಾಜನ ಗ್ಯಾಂಬಿಟ್ ಇದಕ್ಕಿಂತ ಬಿಸಿಯಾದದ್ದು. ಅದರಲ್ಲಿ ಸ್ವಂತ ರಾಜನ ಬಾಗಿಲೂ ತೆರೆದುಬೀಳುತ್ತದೆ. 1960ರಲ್ಲಿ ಇದೇ ಗ್ಯಾಂಬಿಟ್‌ನಿಂದ ಸ್ಪಾಸ್ಕಿಗೆ ಸೋತ ಅಮೆರಿಕದ ಬಾಬ್ಬಿ ಫಿಷರ್, ಮರುವರ್ಷ ಲೇಖನ ಬರೆದು ಇದು ಸೋಲುವ ಆಟವೆಂದು ತೀರ್ಪಿತ್ತ. ಮುಂದೆ ಬಿಳಿ ಕಾಯಿ ಹಿಡಿದಾಗ ತಾನೇ ಅದನ್ನು ಆಡಿ ಗೆದ್ದ.