ಕೋಟೆಯ ಮಣ್ಣು, ಬಿದರಿಯ ಕಪ್ಪು

ಬೀದರಿಗೆ ಬರುವ ಪ್ರವಾಸಿಯ ದಾರಿ ಬಹುಮಟ್ಟಿಗೆ ಗೊತ್ತಾದದ್ದೇ. 1472ರಲ್ಲಿ ಮಹಮೂದ್ ಗವಾನನು ಕಟ್ಟಿಸಿದ ಮದರಸಾದಲ್ಲಿ ಉಳಿದಿರುವ ಮಿನಾರು, ಅಲ್ಲಿಂದ ಕೋಟೆ. ಕೋಟೆಯೊಳಗೆ ಹಿಂದೆ ಅರಸರ ಸ್ನಾನಗೃಹವಾಗಿದ್ದ ಕಟ್ಟಡದಲ್ಲಿ ವಸ್ತುಸಂಗ್ರಹಾಲಯ. ಭಾಲ್ಕಿ, ಔರಾದಗಳ ಕಡೆಯಿಂದ ಬಂದ ಶಾಲೆಯ ಮಕ್ಕಳು ಇಷ್ಟನ್ನು ನೋಡಿ ಸಂಜೆಯ ಬಸ್ಸು ಹಿಡಿಯುತ್ತಾರೆ. ಊರಿನ ಹೆಸರನ್ನು ಲೋಕಕ್ಕೆ ಒಯ್ದ ಕಸುಬಿನ ಮುಖ್ಯ ಸಾಮಗ್ರಿಯನ್ನು ತಾವು ಅಲ್ಲಿ ತುಳಿದು ಬಂದೆವೆಂಬುದು ಅವರಿಗೆ ತಿಳಿಯುವುದೇ ಇಲ್ಲ.

ಆ ಸಾಮಗ್ರಿಯೆಂದರೆ ಮಣ್ಣು. ಬಿದರಿಯ ಸತುವು, ತಾಮ್ರ, ಬೆಳ್ಳಿ ಎಲ್ಲವೂ ಹೊರಗಿನಿಂದ ಬಂದವು. ಕೋಟೆಯ ಹಳೆಯ ಭಾಗಗಳಲ್ಲಿ, ಬಹುಕಾಲ ಬಿಸಿಲು ಮಳೆ ತಾಗದೆ ಉಳಿದ ಮಣ್ಣೊಂದೇ ಈ ನೆಲದ್ದು. ಬಲ್ಲ ಕುಶಲಕರ್ಮಿ ಅದನ್ನು ನಾಲಿಗೆಯ ಮೇಲಿಟ್ಟು ಪರೀಕ್ಷಿಸುತ್ತಾನೆ.

ಹೆಚ್ಚು ಪಾಲು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಅರದಿಂದ ನಯಗೊಳಿಸಿದ ಪಾತ್ರೆಗೆ ಮೊದಲು ಮೈಲುತುತ್ತದ ನೀರು ಸವರುತ್ತಾರೆ. ಅದು ಗೆರೆ ಕಾಣಲೆಂದು ಬಳಿದ ತಾತ್ಕಾಲಿಕ ಕಪ್ಪು. ಉಳಿಯಿಂದ ಕೊರೆದ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನು ಕೂರಿಸಿ ಬಡಿದು, ಉಜ್ಜಿದಾಗ ಆ ಕಪ್ಪು ಹೋಗುತ್ತದೆ. ಬೆಳ್ಳಿಗೂ ಪಾತ್ರೆಗೂ ಭೇದವೇ ತೋರದು. ಕೊನೆಗೆ ಪಾತ್ರೆಯನ್ನು ಬಿಸಿಮಾಡಿ, ಕೋಟೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಹಚ್ಚುತ್ತಾರೆ. ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ನಿಲ್ಲುತ್ತದೆ.

ಅಲಿ ಬರೀದನ ಕಾಲದ ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿಗೆ ಮುತ್ತಿನ ಚಿಪ್ಪನ್ನು ಕೂಡಿಸಿದ್ದನ್ನು ನೋಡಿದವರಿಗೆ ಈ ಕಣ್ಣಿನ ನಂಟು ಬೇಗ ಹೊಳೆಯುತ್ತದೆ.

ಹಳೆಯ ಬಿದರಿಯ ಹುಕ್ಕಾ, ಸುರಾಹಿ, ಪಾನದಾನಿಗಳನ್ನು ಕಾಣಲು ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯಕ್ಕೋ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯಕ್ಕೋ ಹೋಗಬಹುದು. ದರ್ಬಾರುಗಳು ಹೋದವು, ಹುಕ್ಕಾ ಕೊಳ್ಳುವವರೂ ಹೋದರು. ಕುಶಲಕರ್ಮಿಗಳು ಅಂಗಿಯ ಗುಂಡಿಗೂ ಪೆನ್‌ಡ್ರೈವಿನ ಕವಚಕ್ಕೂ ಬೆಳ್ಳಿ ಕೂರಿಸಿ ಬದುಕಿದರು. ಇದನ್ನು ಕೆಲವರು ಕಲೆಯ ಇಳಿತವೆನ್ನುತ್ತಾರೆ, ನನಗೆ ಹಾಗೆನಿಸುವುದಿಲ್ಲ. ಹುಕ್ಕಾ ಕೂಡ ತನ್ನ ಕಾಲದ ಬಳಕೆಯ ವಸ್ತುವೇ ತಾನೆ! 2006ರಲ್ಲಿ ಬಿದರಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು; 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಿತು.

ಗಾಜಿನ ಪೆಟ್ಟಿಗೆಯಲ್ಲಿರುವುದು ಕೆಲಸ ಮುಗಿದ ಪಾತ್ರೆ. ಕೋಟೆ ನೋಡಿ ಬಂದವರು ಊರೊಳಗಿನ ಕಾರ್ಖಾನೆಯೊಂದರ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಅಲ್ಲಿ ಬೂದುಬಣ್ಣದ ಹೂಜಿಯೊಂದು ಕೆಸರು ಮೆತ್ತಿಕೊಂಡು ಕುಳಿತಿರುತ್ತದೆ. ಮುದುಕನೊಬ್ಬ ಅದನ್ನು ತೊಳೆದು, ಎಣ್ಣೆ ಸವರಿ, ಬಟ್ಟೆಯಿಂದ ಒರೆಸುತ್ತಾನೆ. ಅದುವರೆಗೆ ಕಾಣದಿದ್ದ ಬಳ್ಳಿ, ಎಲೆ, ಹೂವು ಒಂದೊಂದಾಗಿ ಮೇಲೇಳುತ್ತವೆ.