ಉಳದ ಹೊಲ, ಹರಿಯದ ನೀರು

ನಾಸಿಕ ನಗರದ ಹೊರವಲಯದಲ್ಲಿ, ಮುಂಬಯಿ ಹೆದ್ದಾರಿಯ ಪಕ್ಕದಲ್ಲಿ ತ್ರಿರಶ್ಮಿ ಬೆಟ್ಟವಿದೆ. ಜನರ ಬಾಯಲ್ಲಿ ಅದು ಪಾಂಡವಲೇಣಿ. ಪಾಂಡವರಿಗೂ ಅದಕ್ಕೂ ಸಂಬಂಧವಿಲ್ಲ. ಬೌದ್ಧ ಭಿಕ್ಷುಗಳಿಗಾಗಿ ಕೊರೆದ ಇಪ್ಪತ್ತನಾಲ್ಕು ಗುಹೆಗಳ ಸಾಲು ಅದು. ಮೆಟ್ಟಿಲೇರಿ ಮೂರನೆಯ ಗುಹೆಯ ಮೊಗಸಾಲೆಗೆ ಬಂದರೆ ಗೋಡೆಯ ಮೇಲೆ ಬ್ರಾಹ್ಮೀ ಲಿಪಿಯ ಪ್ರಾಕೃತ ಶಾಸನಗಳು ಕಾಣುತ್ತವೆ. ಪ್ರವಾಸಿಗಳು ಅವುಗಳ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಾವು ನಿಲ್ಲುವುದಕ್ಕೆ ಒಂದು ಕಾರಣವಿದೆ. ತನ್ನ ಆಜ್ಞೆಯೊಂದು ಫಲ ಕೊಡಲಿಲ್ಲವೆಂಬುದನ್ನು ಅರಸನೊಬ್ಬನು ಅಲ್ಲಿ ತಾನೇ ಕಲ್ಲಿನಲ್ಲಿ ಕೆತ್ತಿಸಿದ್ದಾನೆ.

ಆ ಅರಸ ಸಾತವಾಹನ ವಂಶದ ಗೌತಮೀಪುತ್ರ ಶಾತಕರ್ಣಿ. ತನ್ನ ಆಳ್ವಿಕೆಯ 18ನೆಯ ವರ್ಷ, ವೈಜಯಂತಿಯ ಸೇನಾಶಿಬಿರದಿಂದ, ಗೋವರ್ಧನದ ಅಮಾತ್ಯ ವಿಷ್ಣುಪಾಲಿತನಿಗೆ ಅವನು ಆಜ್ಞೆಯೊಂದನ್ನು ಕಳುಹಿಸಿದನು. ಈ ವೈಜಯಂತಿಯನ್ನು ನಮ್ಮ ಬನವಾಸಿಯೆಂದು ಗುರುತಿಸುವ ವಿದ್ವಾಂಸರಿದ್ದಾರೆ. ಕಖಡಿ ಗ್ರಾಮದ 200 ನಿವರ್ತನ ಹೊಲವನ್ನು ಬೆಟ್ಟದ ಭಿಕ್ಷುಗಳಿಗೆ ಕೊಡಬೇಕೆಂಬುದು ಆಜ್ಞೆಯ ಸಾರ. ಅದರ ಜೊತೆಗೆ ಕೆಲವು ವಿನಾಯಿತಿಗಳೂ ಇದ್ದವು: ಆ ಹೊಲವನ್ನು ರಾಜಪುರುಷರು ಪ್ರವೇಶಿಸಬಾರದು, ಮುಟ್ಟಬಾರದು, ಅಲ್ಲಿ ಉಪ್ಪಿಗಾಗಿ ಅಗೆಯಬಾರದು. ದಾನ ಕೊಡುವ ಅರಸನಿಗೆ ತನ್ನ ಅಧಿಕಾರಿಗಳಿಂದಲೇ ಅದಕ್ಕೆ ಅಪಾಯವಿದೆಯೆಂಬುದು ಗೊತ್ತಿತ್ತು.

ಆರು ವರ್ಷಗಳ ನಂತರ, 24ನೆಯ ವರ್ಷದಲ್ಲಿ, ಅದೇ ಗೋಡೆಯ ಮೇಲೆ ಇನ್ನೊಂದು ಆಜ್ಞೆ ಕಾಣಿಸಿಕೊಳ್ಳುತ್ತದೆ. ಈ ಬಾರಿ ಅರಸನ ಜೊತೆಗೆ ಅವನ ತಾಯಿಯ ಹೆಸರಿನಲ್ಲೂ ಹೊರಟ ಆಜ್ಞೆ, ಶ್ಯಾಮಕನೆಂಬ ಅಮಾತ್ಯನಿಗೆ. ಹಿಂದೆ ಕೊಟ್ಟಿದ್ದ ಕಖಡಿಯ ಹೊಲವನ್ನು ಯಾರೂ ಉಳುತ್ತಿಲ್ಲ, ಆ ಊರಿನಲ್ಲಿ ಜನವಸತಿಯೇ ಇಲ್ಲ; ಆದುದರಿಂದ ನಗರದ ಎಲ್ಲೆಯಲ್ಲಿರುವ ನಮ್ಮ ಸ್ವಂತ ಭೂಮಿಯಿಂದ 100 ನಿವರ್ತನಗಳನ್ನು ಭಿಕ್ಷುಗಳಿಗೆ ಕೊಡತಕ್ಕದ್ದು ಎಂಬುದು ಅದರ ತಾತ್ಪರ್ಯ.

ಕಡತಗಳ ನಡುವೆಯೇ ಉದ್ಯೋಗ ಮಾಡುವ ನಮ್ಮಂಥವರಿಗೆ ಈ ಶಾಸನ ವಿಜಯಗಾಥೆಗಳಿಗಿಂತ ಹೆಚ್ಚು ಬೆಲೆಯುಳ್ಳದ್ದೆನಿಸುತ್ತದೆ. ಲೆಕ್ಕದ ಪ್ರಕಾರ ದಾನ ಎಂದೋ ಮುಗಿದಿತ್ತು. ನಿವರ್ತನಗಳ ಸಂಖ್ಯೆ ಕಲ್ಲಿನಲ್ಲೇ ಇತ್ತು. ಆದರೆ ಹೊಲದಲ್ಲಿ ಬೆಳೆ ಇರಲಿಲ್ಲ. ದಾಖಲೆಗೂ ನೆಲಕ್ಕೂ ನಡುವೆ ಹೀಗೆ ಬಿದ್ದ ಬಿರುಕನ್ನು ಮುಚ್ಚಿಡದೆ ಹೇಳುವುದು ಆಡಳಿತದ ಮೊದಲ ಕೆಲಸ. ಮುಚ್ಚಿಟ್ಟಲ್ಲಿ ಭ್ರಷ್ಟಾಚಾರ ಮನೆ ಮಾಡುತ್ತದೆ. ಸಾತವಾಹನರ ಕಾಲ ಸತ್ಯಯುಗವಾಗಿತ್ತೆಂದು ನಾವು ಹೇಳುತ್ತಿಲ್ಲ. ಒಂದು ಹೊಲದ ವಿಷಯದಲ್ಲಿ ಅವರು ನೆಲವನ್ನು ನೋಡಿ ದಾಖಲೆಯನ್ನು ತಿದ್ದಿದರು ಎನ್ನುತ್ತಿದ್ದೇವೆ, ಅಷ್ಟೆ.

ಇದೇ ನಾಸಿಕದಿಂದ ಗೋದಾವರಿ ಕೆಳಗೆ ಹರಿದು ಪೈಠಣಕ್ಕೆ, ಸಾತವಾಹನರ ಪ್ರತಿಷ್ಠಾನಕ್ಕೆ, ಬರುತ್ತದೆ. ಕವಿರಾಜಮಾರ್ಗವು ಕನ್ನಡ ನಾಡಿನ ಉತ್ತರದ ಎಲ್ಲೆಯೆಂದು ಹೇಳಿದ ನದಿ ಇದು. ಪೈಠಣದಲ್ಲಿ ಈಗ ಜಾಯಕವಾಡಿ ಅಣೆಕಟ್ಟು ಇದೆ. 1965ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದರು. 1976ರಲ್ಲಿ ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ಅಲ್ಲಿಂದ ಉತ್ತರಕ್ಕೆ ಸುಮಾರು ಐವತ್ತು ಕಿಲೋಮೀಟರು ಹೋದರೆ ಛತ್ರಪತಿ ಸಂಭಾಜಿನಗರ. 1610ರಲ್ಲಿ ಮಲಿಕ್ ಅಂಬರ್ ಕಟ್ಟಿದ ಖಡಕಿ, ಮುಂದೆ ಔರಂಗಾಬಾದ್ ಆಗಿ, ಈಗ ಈ ಹೆಸರು ಪಡೆದಿದೆ. ಆ ಒಣ ನೆಲದ ಊರಿಗೆ ಮಲಿಕ್ ಅಂಬರ್ ನೆಲದಡಿಯ ಕಾಲುವೆಗಳಲ್ಲಿ ನೀರು ತಂದನು. ನಹರ್-ಎ-ಅಂಬರಿ ಎಂದು ಹೆಸರಾದ ಆ ಕಾಲುವೆಗಳ ಯಶಸ್ಸನ್ನು ಅಳೆಯಲು ಯಾವ ವರದಿಯೂ ಬೇಕಿರಲಿಲ್ಲ. ತೊಟ್ಟಿಯಲ್ಲಿ ನೀರು ಬಿದ್ದರೆ ಸಾಕಿತ್ತು.

ನಮ್ಮ ಕಾಲದಲ್ಲಿ ಅಳತೆ ಕಾಗದಕ್ಕೆ ಬಂದಿತು. 1996ರಿಂದ 1998ರೊಳಗೆ ಮಹಾರಾಷ್ಟ್ರ ಸರ್ಕಾರ ಐದು ನೀರಾವರಿ ನಿಗಮಗಳನ್ನು ಸ್ಥಾಪಿಸಿತು. ಮೊದಲನೆಯದು ಕೃಷ್ಣಾ ಕಣಿವೆಗೆ. ಕೊನೆಯದಾದ ಗೋದಾವರಿ ಮರಾಠವಾಡಾ ನಿಗಮಕ್ಕೆ ಔರಂಗಾಬಾದ್ ಕೇಂದ್ರ. ಈ ಅವಸರಕ್ಕೆ ಕಾರಣ ನಮಗೂ ಪರಿಚಿತವೇ. ಬಚಾವತ್ ನ್ಯಾಯಾಧಿಕರಣ 1976ರಲ್ಲಿ ಕೃಷ್ಣೆಯ ನೀರಿನಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700 ಟಿಎಂಸಿ ಹಂಚಿ, 2000ದ ಮೇ 31ರ ನಂತರ ಮರುಪರಿಶೀಲನೆಗೆ ಅವಕಾಶವಿಟ್ಟಿತ್ತು. ಅಷ್ಟರೊಳಗೆ ತಮ್ಮ ಪಾಲನ್ನು ಬಳಸಿ ತೋರಿಸದಿದ್ದರೆ ಕೈತಪ್ಪುತ್ತದೆಂಬ ಭಯ ಎರಡು ರಾಜ್ಯಗಳಿಗೂ ಇತ್ತು. ಕರ್ನಾಟಕದ ಕೃಷ್ಣಾ ಭಾಗ್ಯ ಜಲ ನಿಗಮ 1994ರಲ್ಲಿ ಹುಟ್ಟಿದ್ದೂ ಇದೇ ಹಿನ್ನೆಲೆಯಲ್ಲಿ. ನಿಗಮಗಳು ಬಾಂಡ್ ಮಾರಿ ಸಾಲ ತಂದವು. ಹಣ ಬೇಗ ಬಂದಿತು. ಅದರ ಮೇಲಿನ ಕಣ್ಣು ಮಾತ್ರ ನಿಧಾನವಾಗಿ ತೆರೆಯಿತು.

ಲೆಕ್ಕ ಬಿಚ್ಚಿಕೊಂಡದ್ದು 2012ರಲ್ಲಿ. ಆ ವರ್ಷದ ಮಹಾರಾಷ್ಟ್ರ ಆರ್ಥಿಕ ಸಮೀಕ್ಷೆಯ ಪ್ರಕಾರ, ಒಟ್ಟು ಬಿತ್ತನೆಯ ಪ್ರದೇಶದಲ್ಲಿ ನೀರಾವರಿಯ ಪಾಲು 2000-01ರಲ್ಲಿ ಶೇಕಡಾ 17.8 ಇದ್ದದ್ದು 2009-10ರಲ್ಲಿ 17.9 ಆಗಿತ್ತು. ಆ ದಶಕದಲ್ಲಿ ನೀರಾವರಿಗೆ ವೆಚ್ಚವಾದ ಹಣ ಸುಮಾರು 70,000 ಕೋಟಿ ರೂಪಾಯಿ ಎಂಬ ಮಾತು ರಾಜ್ಯದಲ್ಲೆಲ್ಲ ಹರಡಿತು. ವಿದರ್ಭದ 38 ಯೋಜನೆಗಳ ಅಂದಾಜು 2009ರ ಕೆಲವೇ ತಿಂಗಳುಗಳಲ್ಲಿ 6,672 ಕೋಟಿಯಿಂದ 26,722 ಕೋಟಿಗೆ ಏರಿದ್ದೂ ವರದಿಯಾಯಿತು. ಅದೇ ವರ್ಷ ಫೆಬ್ರವರಿ ಮತ್ತು ಮೇ ತಿಂಗಳಲ್ಲಿ, ನಾಸಿಕದಲ್ಲಿರುವ ಎಂಜಿನಿಯರಿಂಗ್ ತರಬೇತಿ ಸಂಸ್ಥೆಯ ಮುಖ್ಯ ಎಂಜಿನಿಯರ್ ವಿಜಯ ಪಾಂಢರೆಯವರು ಸರ್ಕಾರಕ್ಕೆ ಪತ್ರಗಳನ್ನು ಬರೆದಿದ್ದರು. ವೆಚ್ಚವನ್ನು ಮನಬಂದಂತೆ ಏರಿಸಲಾಗಿದೆ, ಕಾಮಗಾರಿಗಳು ಕಳಪೆಯಾಗಿವೆ, ಅನವಶ್ಯಕ ಯೋಜನೆಗಳಿಗೆ ಹಣ ಸುರಿಯಲಾಗಿದೆ ಎಂಬುದು ಅವುಗಳ ಹುರುಳು. ಸೆಪ್ಟೆಂಬರಿನಲ್ಲಿ, 1999ರಿಂದ 2009ರವರೆಗೆ ಜಲಸಂಪನ್ಮೂಲ ಖಾತೆ ಹೊಂದಿದ್ದ ಉಪಮುಖ್ಯಮಂತ್ರಿ ಅಜಿತ್ ಪವಾರರು ರಾಜೀನಾಮೆ ಕೊಟ್ಟರು.

ಮುಂದಿನ ಕಥೆ ನಮ್ಮ ಪ್ರಜಾಪ್ರಭುತ್ವಕ್ಕೆ ಹೊಸದಲ್ಲ. ನವೆಂಬರಿನಲ್ಲಿ ಹೊರಬಂದ ಸರ್ಕಾರದ ಶ್ವೇತಪತ್ರ ಅದೇ ದಶಕಕ್ಕೆ ಶೇಕಡಾ 5.17ರ ಹೆಚ್ಚಳವನ್ನು ತೋರಿಸಿತು. ಒಂದೇ ಸರ್ಕಾರ, ಒಂದೇ ನೆಲ, ಎರಡು ಲೆಕ್ಕ! ಡಿಸೆಂಬರಿನಲ್ಲಿ ಪವಾರರು ಹುದ್ದೆಗೆ ಮರಳಿದರು. ವರ್ಷದ ಕೊನೆಯ ದಿನ ತನಿಖಾ ಸಮಿತಿ ನೇಮಕವಾಯಿತು. ಅದರ ಅಧ್ಯಕ್ಷರು 1993ರ ಸ್ಟಾಕ್‌ಹೋಂ ಜಲ ಪ್ರಶಸ್ತಿ ಪಡೆದಿದ್ದ, ಔರಂಗಾಬಾದಿನಲ್ಲಿ ನೆಲೆಸಿದ್ದ ಮಾಧವರಾವ್ ಚಿತಳೆಯವರು. 2014ರಲ್ಲಿ ವಿಧಾನಮಂಡಲದ ಮುಂದೆ ಬಂದ ಅವರ ವರದಿ ಯೋಜನೆಗಳ ಮಂಜೂರಾತಿಯಲ್ಲೂ ವೆಚ್ಚದ ಏರಿಕೆಯಲ್ಲೂ ನಡೆದ ಅಕ್ರಮಗಳನ್ನು ಎತ್ತಿ ತೋರಿಸಿತು. ಪಾಂಢರೆಯವರು ಆ ವರ್ಷ ನಾಸಿಕದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. 2019ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ, ವಿದರ್ಭದ ಪ್ರಕರಣಗಳಲ್ಲಿ ಪವಾರರ ಮೇಲೆ ಹೊಣೆ ಹೊರಿಸುವಂತಿಲ್ಲವೆಂದು ಹೈಕೋರ್ಟಿನ ನಾಗಪುರ ಪೀಠಕ್ಕೆ ತಿಳಿಸಿತು.

ತಪ್ಪಿತಸ್ಥರು ಯಾರೆಂಬುದನ್ನು ನ್ಯಾಯಾಲಯಗಳು ಹೇಳಲಿ. ನಮ್ಮನ್ನು ಕಾಡುವ ಪ್ರಶ್ನೆ ಬೇರೆ: 17.9 ನಿಜವೋ, ಶ್ವೇತಪತ್ರ ನಿಜವೋ? ನೀರಿನ ಲೆಕ್ಕವೇ ನಂಬಿಕೆ ಕಳೆದುಕೊಂಡಾಗ ನೆರೆಹೊರೆಯವರ ಜಗಳಕ್ಕೆ ತೀರ್ಪು ಸಿಗುವುದಿಲ್ಲ. ಅಕ್ಟೋಬರ್ ಮಧ್ಯಕ್ಕೆ ಜಾಯಕವಾಡಿಯಲ್ಲಿ ಉಪಯುಕ್ತ ಸಂಗ್ರಹ ಶೇಕಡಾ 65ಕ್ಕಿಂತ ಕಡಿಮೆಯಿದ್ದರೆ ಮೇಲಿನ ಅಣೆಕಟ್ಟುಗಳು ನೀರು ಬಿಡಬೇಕೆಂದು ಜಲ ನಿಯಂತ್ರಣ ಪ್ರಾಧಿಕಾರ 2014ರಲ್ಲಿ ಆಜ್ಞೆ ಮಾಡಿತು. ಹೈಕೋರ್ಟ್ 2016ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೂ ಮಳೆ ಕೈಕೊಟ್ಟ ವರ್ಷಗಳಲ್ಲಿ ನಾಸಿಕದ ದ್ರಾಕ್ಷಿ ಬೆಳೆಗಾರನಿಗೂ ಮರಾಠವಾಡದ ರೈತನಿಗೂ ನಡುವೆ ಅದೇ ವಾದ ಮತ್ತೆ ಏಳುತ್ತದೆ. 2016ರ ಬೇಸಗೆಯಲ್ಲಿ ಮರಾಠವಾಡದ ಲಾತೂರಿಗೆ ಕುಡಿಯುವ ನೀರು ಮೀರಜದಿಂದ ರೈಲಿನಲ್ಲಿ ಹೋಯಿತು. ಕಾಗದದ ಕಾಲುವೆಗಳಿಂದ ಯಾರ ಬಾಯಾರಿಕೆಯೂ ನೀಗಲಿಲ್ಲ. ಇದು ಮಹಾರಾಷ್ಟ್ರದ ಕಥೆಯೆಂದು ಕನ್ನಡಿಗರಾದ ನಾವು ನಿಶ್ಚಿಂತರಾಗುವಂತಿಲ್ಲ. ಅದೇ ಗಡುವು, ಅದೇ ಬಗೆಯ ಸಾಲ, ಅದೇ ಬಗೆಯ ನಿಗಮಗಳು ನಮ್ಮಲ್ಲೂ ಇದ್ದವು. ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟಿತೇ ಎಂಬ ಪ್ರಶ್ನೆಯನ್ನು ಅಲ್ಲಿಯೂ ಕೇಳಬೇಕು.

ಪಾಂಡವಲೇಣಿಯ ಗೋಡೆಯ ಮೇಲೆ ಅರಸನ ಹೆಸರಿದೆ, ಅವನ ತಾಯಿಯ ಉಲ್ಲೇಖವಿದೆ, ಅಮಾತ್ಯ ಶ್ಯಾಮಕನ ಹೆಸರಿದೆ. ಆದರೆ ಯಾರೋ ಒಬ್ಬರು ಕಖಡಿಗೆ ಹೋಗಿರಬೇಕು. ಪಾಳುಬಿದ್ದ ಊರನ್ನೂ ಉಳದ ಹೊಲವನ್ನೂ ಕಂಡು, ದಾನ ಕೊಟ್ಟದ್ದು ಸಾಕ್ಷಾತ್ ಅರಸನೆಂದು ಗೊತ್ತಿದ್ದೂ, ಮರಳಿ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿರಬೇಕು. ಅವರ ಹೆಸರು ಶಾಸನದಲ್ಲಿಲ್ಲ.