ನಲವತ್ತರ ಮೇಲೆ ಎಲ್ ಬೋರ್ಡು

ಹೊಸದಾಗಿ ಮುದ್ದೆ ತಿರುವಲು ನಿಂತವರ ಪಾತ್ರೆಯಲ್ಲಿ ಗಂಟು ಕಂಡರೆ ಮನೆಯವರ ಬಾಯಲ್ಲಿ ತಟಕ್ಕನೆ ಬರುವ ಮಾತು: ‘ಬಿಡಿ, ಇನ್ನೂ ಎಲ್ ಬೋರ್ಡು.’ ಗಲ್ಲಿ ಕ್ರಿಕೆಟ್ಟಿನಲ್ಲಿ ಸುಲಭದ ಕ್ಯಾಚು ಬಿಟ್ಟವನಿಗೂ, ಒಂದು ಡಿಡಿ ಬರೆಯಲು ಅರ್ಧ ಗಂಟೆ ಹಿಡಿಸಿದ ಹೊಸ ಗುಮಾಸ್ತನಿಗೂ ಅದೇ ಬಿರುದು. ಕನ್ನಡದ ಆಡುಮಾತಿಗೆ ಆರ್‌ಟಿಒ ಆಫೀಸು ಕೊಟ್ಟ ಪದಗಳು ಹೆಚ್ಚಿಲ್ಲ. ಇದೊಂದು ಮಾತ್ರ ರಸ್ತೆ ಬಿಟ್ಟು ಅಡುಗೆಮನೆಗೂ ನುಗ್ಗಿತು.

ನುಗ್ಗಿದ್ದು ಹಂಗಿಸುವ ಮಾತಾಗಿ. ನೀನು ಎಲ್ ಬೋರ್ಡು, ಅವನು ಎಲ್ ಬೋರ್ಡು ಎಂದವರೇ ಎಲ್ಲರೂ. ವ್ಯಾಕರಣದ ಉತ್ತಮ ಪುರುಷದಲ್ಲಿ, ಅಂದರೆ ‘ನಾನು’ ಜೊತೆ ಸೇರಿಸಿ, ಅದನ್ನು ಬಳಸಿದವರು ಅಪರೂಪ.

ಬೋರ್ಡಿನ ಮೂಲ ಬ್ರಿಟನ್ನಿನದು. 1935ರಲ್ಲಿ ಅಲ್ಲಿ ಚಾಲನಾ ಪರೀಕ್ಷೆ ಕಡ್ಡಾಯವಾದಾಗ ಕಲಿಯುವವರ ಗಾಡಿಗೆ ಈ ಕೆಂಪಕ್ಷರವೂ ಬಂತು. ನಮ್ಮಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಇದನ್ನು ಸೆಂಟಿಮೀಟರ್ ಲೆಕ್ಕದಲ್ಲಿ ವಿವರಿಸುತ್ತವೆ: 18 ಸೆಂ.ಮೀ. ಚೌಕದ ಬಿಳಿ ಫಲಕ, ಅದರ ಮೇಲೆ ಕನಿಷ್ಠ 10 ಸೆಂ.ಮೀ. ಎತ್ತರ, 2 ಸೆಂ.ಮೀ. ದಪ್ಪದ ಕೆಂಪು ಎಲ್. ಗಾಡಿಯ ಮುಂದೆ ಒಂದು, ಹಿಂದೆ ಒಂದು. ತನಗೆ ಬಾರದು ಎಂಬುದನ್ನು ಮುಚ್ಚಿಟ್ಟರೆ ತಪ್ಪು ಎಂದು ಕಾನೂನೇ ಹೇಳುವ ಜಾಗ ಬೇರೆಲ್ಲಿದೆಯೋ! ಮೇಷ್ಟ್ರಿಗಿಲ್ಲ, ಮ್ಯಾನೇಜರಿಗಿಲ್ಲ, ಮಂತ್ರಿಗಂತೂ ಇಲ್ಲ. ಮಂತ್ರಿಗಳಿಗೆ ಮೊದಲ ಆರು ತಿಂಗಳಾದರೂ ಇರಬೇಕಿತ್ತು ಅನ್ನುವವರಿದ್ದಾರೆ, ಆ ವಿಚಾರ ಬೇರೆ.

ಕಲಿಯುವವನನ್ನು ಎಲ್ಲರೆದುರು ನಿಲ್ಲಿಸುವ ಏರ್ಪಾಡು ಕನ್ನಡನಾಡಿಗೆ ಹೊಸದೇನಲ್ಲ. ಯಕ್ಷಗಾನದ ಪೂರ್ವರಂಗದಲ್ಲಿ ಕೋಡಂಗಿ ವೇಷವಿದೆ. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರು ಹೆಜ್ಜೆ ಹಾಕಲು ಶುರುಮಾಡುವುದು ಅಲ್ಲಿ. ಪ್ರಸಂಗ ಇನ್ನೂ ಆರಂಭವಾಗಿರುವುದಿಲ್ಲ, ಜನ ಬಂದು ಕೂರುವುದೂ ಮುಗಿದಿರುವುದಿಲ್ಲ. ಅಲ್ಲಿ ಕಾಲು ಪಳಗಿದ ಮೇಲೆ ಬಾಲಗೋಪಾಲ, ಆಮೇಲೆ ಮುಂದಿನ ವೇಷಗಳು. ಕೋಡಂಗಿ ಎಂದರೆ ಮೊದಲಿಂದಲೂ ಕೋತಿ, ಹಾಸ್ಯಗಾರ. ಹೊಸಬನಿಗೆ ಆ ವೇಷವನ್ನೇ ಕೊಟ್ಟದ್ದು ಜಾಣತನ. ಕೋಡಂಗಿಯ ಹೆಜ್ಜೆ ತಪ್ಪಿದರೆ ಅದೂ ಕುಣಿತವೇ ಆಗುತ್ತದೆ. ಊರಿನ ಮಾತಿಗೆ ಮಾತ್ರ ಈ ಸೂಕ್ಷ್ಮ ಬೇಕಿರಲಿಲ್ಲ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂದು ಗಾದೆ ಕಟ್ಟಿ ಅವನನ್ನು ಪೆದ್ದನ ಸಾಲಿಗೆ ಸೇರಿಸಿಬಿಟ್ಟಿತು.

ಹುಡುಗರಿಗೆ ಕೋಡಂಗಿ ವೇಷ ಸಲೀಸು. ನಡುವಯಸ್ಸಿನವರ ಪಾಡು ಹಾಗಲ್ಲ. ನಲವತ್ತು ದಾಟಿದವರು ಎಲ್‌ಎಲ್‌ಗೆ, ಅಂದರೆ ಕಲಿಕಾ ಪರವಾನಗಿಗೆ, ಅರ್ಜಿ ಹಾಕಿದರೆ ವೈದ್ಯರ ಸಹಿಯ ‘ಫಾರ್ಮ್ 1ಎ’ಯನ್ನೂ ತರಬೇಕು. ಕಲಿಯುವ ಮೊದಲೇ ಕಣ್ಣು, ಕಿವಿ, ಕೈಕಾಲಿನ ತಪಾಸಣೆ. ಅದನ್ನು ಹಿಡಿದುಕೊಂಡು ಡ್ರೈವಿಂಗ್ ಸ್ಕೂಲಿನ ಕಾರು ಹತ್ತುವವರಲ್ಲಿ ಈಗ ಹೆಂಗಸರು ಬಹಳ. ಮಕ್ಕಳು ಕಾಲೇಜಿಗೆ ಹೋಗಿದ್ದಾರೆ, ಬೆಳಗ್ಗೆ ಒಂದಿಷ್ಟು ಹೊತ್ತು ಬಿಡುವಾಗಿದೆ. ಪಕ್ಕದ ಸೀಟಿನ ಇಪ್ಪತ್ತೈದರ ಹುಡುಗನ ಕಾಲಬಳಿ ಇನ್ನೊಂದು ಬ್ರೇಕು, ಇನ್ನೊಂದು ಕ್ಲಚ್ಚು ಇರುತ್ತವೆ. ದಿಬ್ಬದಲ್ಲಿ ಸಿಗ್ನಲ್ ಬೀಳುತ್ತದೆ. ‘ಹಾಫ್ ಕ್ಲಚ್ ಮೇಡಂ, ಹಾಫ್ ಕ್ಲಚ್, ಪೂರ್ತಿ ಬಿಡಬೇಡಿ’ ಅನ್ನುವಷ್ಟರಲ್ಲಿ ಗಾಡಿ ಒಮ್ಮೆ ಜಗ್ಗಿ ಆಫ್ ಆಗುತ್ತದೆ. ಹಿಂದಿನ ಆಟೋದವನು ಹಾರ್ನ್ ಒತ್ತುತ್ತಾನೆ. ಆಫೀಸಿನಲ್ಲಿ ಹತ್ತು ಜನಕ್ಕೆ ಕೆಲಸ ಹೇಳುವ ಕೈ ಕೀಲಿ ತಿರುಗಿಸಲು ತಡವರಿಸುತ್ತದೆ.

ಅಷ್ಟೆಲ್ಲ ಆಗಿ ಪರೀಕ್ಷೆಯ ಟ್ರ್ಯಾಕಿಗೆ ಹೋದರೆ ‘ಎಂಟು’ ಹಾಕುವಾಗ ಗೆರೆ ತುಳಿದು ಫೇಲು. ಆದರೆ ಈ ಫೇಲಿನ ಜಾತಿ ಬೇರೆ. ಶಾಲೆಯದ್ದು ಹೆಸರಿಗೆ ಅಂಟಿಕೊಳ್ಳುತ್ತದೆ. ‘ಎಸ್ಸೆಸ್ಸೆಲ್ಸಿ ಫೇಲ್’ ಅನ್ನುವುದು ವಿದ್ಯಾರ್ಹತೆಯ ಹಾಗೆ ಕೆಲಸದ ಜಾಹೀರಾತುಗಳಲ್ಲೂ ಅಚ್ಚಾಗುತ್ತದೆ. ‘ಡಿಎಲ್ ಫೇಲ್’ ಎಂದು ಯಾರ ಬಯೋಡೇಟಾದಲ್ಲೂ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಫೇಲಾದವರು ಏಳು ದಿನ ಬಿಟ್ಟು ಮತ್ತೆ ಬರಬಹುದು. ಮೂರು ಸಲ ಫೇಲಾದರೆ ಅರವತ್ತು ದಿನ ಕಾಯಬೇಕು. ಶಾಲಾ ಪರೀಕ್ಷೆಗೂ ಈ ಬುದ್ಧಿ ತಡವಾಗಿ ಬಂದಂತಿದೆ: 2024ರಲ್ಲಿ ಕರ್ನಾಟಕದಲ್ಲಿ ‘ಪೂರಕ ಪರೀಕ್ಷೆ’ ಎಂಬ ಹೆಸರು ಹೋಗಿ ಪರೀಕ್ಷೆ-1, 2, 3 ಬಂದವು. ಹೆಸರು ಬದಲಾದ ಮಾತ್ರಕ್ಕೆ ಮನೆಯವರ ಬಾಯಿ ಬದಲಾಗುತ್ತದೆಯೇ ಎಂಬುದು ಅನುಮಾನ.

ಫೇಲಿನ ಲೆಕ್ಕದಲ್ಲಿ ದಕ್ಷಿಣ ಕೊರಿಯಾದ ಚಾ ಸಾ-ಸೂನ್ ಅವರನ್ನು ಮೀರಿಸುವವರು ಸಿಗುವುದು ಕಷ್ಟ. ತರಕಾರಿ ಮಾರಿ ಬದುಕಿದ ಹಳ್ಳಿಯ ಹೆಂಗಸು. 2005ರಲ್ಲಿ, ಅರವತ್ತರ ಆಚೆಯ ವಯಸ್ಸಿನಲ್ಲಿ, ಚಾಲನಾ ಪರವಾನಗಿಯ ಲಿಖಿತ ಪರೀಕ್ಷೆಗೆ ಕೂತರು. ಪಾಸಾಗಲು ನೂರಕ್ಕೆ ಅರವತ್ತು ಬೇಕು. ಬರಲಿಲ್ಲ. ಮೊದಮೊದಲು ವಾರಕ್ಕೆ ಐದು ದಿನ, ಆಮೇಲೆ ವಾರಕ್ಕೆರಡು ಸಲ ಹೋದರು. 2009ರಲ್ಲಿ, 950ನೇ ಸಲ, ಪಾಸಾದರು. ಗಾಡಿ ಓಡಿಸುವ ಪರೀಕ್ಷೆಯಲ್ಲೂ ಕೆಲವು ಸಲ ಫೇಲಾಗಿ, 2010ರಲ್ಲಿ ಒಟ್ಟು 960ನೇ ಪ್ರಯತ್ನಕ್ಕೆ ಪರವಾನಗಿ ಕೈಗೆ ಬಂದಾಗ ಅವರಿಗೆ 69. ಕಾರು ಕಂಪನಿಯೊಂದು ಕಾರನ್ನೇ ಉಡುಗೊರೆ ಕೊಟ್ಟಿತು. ಈ ಸುದ್ದಿಯನ್ನು ಛಲದ ಕಥೆಯಾಗಿ ಹೇಳುವವರೇ ಜಾಸ್ತಿ. ಅದಕ್ಕಿಂತ ಸೋಜಿಗದ್ದು ಇನ್ನೊಂದಿದೆ: ಅಷ್ಟು ವರ್ಷ ಒಂದೇ ಕೌಂಟರಿನ ಮುಂದೆ, ಅದೇ ನೌಕರರ ಎದುರು, ಫೇಲಾದವರಾಗಿಯೇ ಹೋಗಿ ನಿಲ್ಲುವುದಕ್ಕೆ ಅವರಿಗೆ ಮುಜುಗರವಾಗಲಿಲ್ಲ.

ಎಲ್ ಬೋರ್ಡಿನ ಅರ್ಥ ಇತ್ತೀಚೆಗೆ ಜಾರುತ್ತಿರುವುದೂ ಇದೇ ದಿಕ್ಕಿಗೆ. ಐವತ್ತರಲ್ಲಿ ಸಂಗೀತದ ಕ್ಲಾಸಿಗೆ ಸೇರಿದವರು ‘ನಾನಿನ್ನೂ ಎಲ್ ಬೋರ್ಡು ಕಣ್ರೀ’ ಎಂದು ತಾವೇ ಹೇಳಿಕೊಂಡು ಸರಳೆ ಸಾಧಿಸುತ್ತಾರೆ. ಈಜುಕೊಳದ ಆಳವಿಲ್ಲದ ತುದಿಯಲ್ಲಿ ಮಕ್ಕಳ ನಡುವೆ ಕಂಬಿ ಹಿಡಿದು ಕಾಲು ಬಡಿಯುವ ನಿವೃತ್ತರ ಬಾಯಲ್ಲೂ ಅದೇ ಮಾತು. ಮುಕ್ತ ವಿಶ್ವವಿದ್ಯಾಲಯದ ಪರೀಕ್ಷಾ ಕೊಠಡಿಯಲ್ಲಿ ಮಗಳ ವಯಸ್ಸಿನವರ ಪಕ್ಕ ಕೂತವರದೂ. ಬೇರೆಯವರು ಅಂದರೆ ಚುಚ್ಚುವ ಮಾತು ತಾನೇ ಅಂದುಕೊಂಡರೆ ಸ್ವಲ್ಪ ಜಾಗ ಬಿಡಿಸಿಕೊಡುತ್ತದೆ.

ರಸ್ತೆಯಲ್ಲಂತೂ ಆ ಜಾಗ ಕಣ್ಣಿಗೇ ಕಾಣುತ್ತದೆ. ಎಲ್ ಕಂಡ ಬೈಕಿನವರು ಒಂದು ಮಾರು ದೂರ ಇರುತ್ತಾರೆ, ಬಸ್ಸಿನವರೂ ಗೊಣಗಿಕೊಂಡೇ ಪಕ್ಕಕ್ಕೆ ಹೋಗುತ್ತಾರೆ. ಹಾಗಾಗಿ ಡಿಎಲ್ ಬಂದು ವರ್ಷ ಕಳೆದರೂ ಹಿಂದಿನ ಗಾಜಿನ ಸ್ಟಿಕ್ಕರ್ ಕೀಳದವರು ಎಷ್ಟೋ ಜನ. ಪರವಾನಗಿ ಬಂದ ಮೇಲೆ ಅದು ಬೇಕಿಲ್ಲವಲ್ಲ ಎಂದು ಕೇಳಿದರೆ ‘ಇರಲಿ ಬಿಡಿ, ಹಾರ್ನ್ ಕಮ್ಮಿ’ ಅನ್ನುತ್ತಾರೆ.